ಚಿಕಿತ್ಸೆಯ ಮೂರನೆಯ ಕಾಲು



ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ಕಡೆ ಯಾವುದಾದರೊಂದು ಸಂಘವು ದಾದಿಯರ ದಿನಾಚರಣೆಯನ್ನು ಏರ್ಪಡಿಸುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಭಾವಚಿತ್ರಕ್ಕೆ ಹೂವಿನ ಹಾರ, ಮೇಣದ ಬತ್ತಿಯ ಬೆಳಕು, ನಾಲ್ಕೈದು ಮಂದಿ ದಾದಿಯರಿಗೆ ಶಾಲು ಮತ್ತು ಫಲತಾಂಬೂಲ. ನಿವೃತ್ತ ಶಿಕ್ಷಕನೆಂಬ ಕಾರಣಕ್ಕೆ ನನ್ನನ್ನೂ ಒಂದೆರಡು ಬಾರಿ ಅತಿಥಿಯಾಗಿ ಕರೆದದ್ದುಂಟು. ಅಲ್ಲಿ ಆಡುವ ಭಾಷಣಗಳಲ್ಲಿ ಮೂರು ಶಬ್ದಗಳು ತಪ್ಪುವುದಿಲ್ಲ: ತ್ಯಾಗ, ಸೇವೆ, ಮಾತೃಹೃದಯ. ವೇದಿಕೆಯ ಮೇಲೆ ಕುಳಿತ ದಾದಿಯರು ತಲೆ ತಗ್ಗಿಸಿ ಕೇಳುತ್ತಾರೆ. ವಂದನಾರ್ಪಣೆ ಮುಗಿಯುವ ಮೊದಲೇ ಅವರಲ್ಲಿ ಒಬ್ಬಿಬ್ಬರು ಶಾಲನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಪಾಳಿಗೆ ಹೊರಟುಬಿಡುತ್ತಾರೆ.

ಇಂತಹ ಸಮಾರಂಭಗಳ ಮೇಲೆ ನನಗೆ ಸಿಟ್ಟಿಲ್ಲ. ಸೆಪ್ಟೆಂಬರ್ 5ರಂದು ನಾವು ಶಿಕ್ಷಕರೂ ಈ ಮಳೆಯಲ್ಲಿ ನೆನೆದವರೇ. ಗುರುವೇ ಬ್ರಹ್ಮನೆಂದು ಕೊಂಡಾಡಿದವರು ಮರುದಿನ ಶಾಲೆಯ ಸೋರುವ ಮಾಡಿನ ಮಾತೆತ್ತಿದರೆ, "ಅನುದಾನ ಬಂದಿಲ್ಲ ಮಾಸ್ತರ್ರೇ" ಎನ್ನುತ್ತಿದ್ದರು. ಆದುದರಿಂದ ಹೊಗಳಿಕೆಗೂ ಆಸರೆಗೂ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ಪುಸ್ತಕದಿಂದ ಬಂದ ತಿಳಿವಲ್ಲ. ಕಷ್ಟದಲ್ಲಿರುವ ದಾದಿಯರನ್ನು ಹುರಿದುಂಬಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಹುರಿದುಂಬಿಸುವುದೆಂದರೇನು ಎಂಬುದರ ಬಗೆಗೆ ನನ್ನ ಅಭಿಪ್ರಾಯ ತುಸು ಬೇರೆಯಾಗಿರುವುದರಿಂದ ಈ ಬರಹ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ ಮೊದಲನೆಯದು, ದ್ರವ್ಯ ಎರಡನೆಯದು, ಉಪಸ್ಥಾತಾ ಮೂರನೆಯದು, ರೋಗಿ ನಾಲ್ಕನೆಯದು. ಉಪಸ್ಥಾತಾ ಎಂದರೆ ರೋಗಿಯ ಬಳಿ ನಿಂತು ಉಪಚರಿಸುವವನು ಅಥವಾ ಉಪಚರಿಸುವವಳು, ಇಂದಿನ ಮಾತಿನಲ್ಲಿ ನರ್ಸ್. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅಲ್ಲಿ ಎಣಿಸಿದ್ದಾರೆ. ಉಪಚಾರ ಮಾಡುವವರಲ್ಲಿ ಇರಬೇಕಾದವು ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ಮೇ 12ರ ಭಾಷಣಕಾರರು ಈ ನಾಲ್ಕರಲ್ಲಿ ಮೂರನೆಯದನ್ನು ಮಾತ್ರ ಹಿಡಿದುಕೊಂಡು ಹೊಗಳುತ್ತಾರೆ. ತಿಳಿವು ಮತ್ತು ದಕ್ಷತೆಗಳನ್ನು ಮೊದಲೆರಡು ಸ್ಥಾನಗಳಲ್ಲಿ ಇಟ್ಟ ಪ್ರಾಚೀನರು ನಮಗಿಂತ ವ್ಯವಹಾರಜ್ಞರು.

ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಎರಡನೆಯ ಪಾದದ ಮಾತು. ದ್ರವ್ಯಕ್ಕೆ, ಅಂದರೆ ಔಷಧಿ ಮತ್ತು ಸಾಮಗ್ರಿಗೆ, ಹೇಳಿರುವ ಗುಣಗಳಲ್ಲಿ ಮೊತ್ತಮೊದಲನೆಯದು 'ಬಹುತಾ'. ಬೇಕಾದಷ್ಟು ಇರಬೇಕು ಎಂದು ಅದರ ಅರ್ಥ. ದ್ರವ್ಯದ ಕೊರತೆಯನ್ನು ಉಪಸ್ಥಾತೆಯು ತನ್ನ ಅನುರಾಗದಿಂದ ತುಂಬಿಕೊಡಲಿ ಎಂದು ಎಲ್ಲಿಯೂ ಹೇಳಿಲ್ಲ. ಅದು ಬೇರೆಯ ಕಾಲು, ಇದು ಬೇರೆಯ ಕಾಲು. ಮಂಚದ ಒಂದು ಕಾಲು ಮುರಿದಾಗ ಪಕ್ಕದ ಕಾಲಿಗೆ ಹಾರ ಹಾಕಿದರೆ ಮಂಚ ನೆಟ್ಟಗಾದೀತೇ? ನಮ್ಮ ಸರ್ಕಾರಿ ಆಸ್ಪತ್ರೆಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಸುಮಾರಾಗಿ ಅದನ್ನೇ.

ಇನ್ನೊಂದು ಶಬ್ದದ ಮಾತು ಹೇಳಿ ಮುಂದೆ ಹೋಗುತ್ತೇನೆ. (ಹಳೆಯ ಚಾಳಿ, ಕ್ಷಮಿಸಿ.) 'ಶುಶ್ರೂಷೆ' ಎಂಬುದು 'ಕೇಳು' ಎಂಬ ಅರ್ಥದ 'ಶ್ರು' ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೂಲಾರ್ಥ, ಸೇವೆ ಎಂಬ ಅರ್ಥ ಆಮೇಲೆ ಕೂಡಿಕೊಂಡಿತು. ರೋಗಿಯ ನರಳಿಕೆಯನ್ನು ಕೇಳುವವಳು ಅವಳು. ಅವಳ ಮಾತನ್ನು ಕೇಳುವವರು ಯಾರು?

ನಮ್ಮ ಸೀಮೆಯ ಉದಾಹರಣೆಗೇ ಬರೋಣ. ಮಂಗನ ಕಾಯಿಲೆಯನ್ನು ನಿಮಗೆ ಯಾರಿಗೂ ಪರಿಚಯಿಸಬೇಕಾಗಿಲ್ಲ. 1957ರಲ್ಲಿ ಸಿದ್ದಾಪುರಕ್ಕೆ ಹೊಂದಿದಂತಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಗುರುತಾದ ರೋಗವಿದು. ಲೋಕದ ವೈದ್ಯಗ್ರಂಥಗಳಲ್ಲಿ ಇದಕ್ಕೆ ಆ ಊರಿನ ಹೆಸರೇ ನಿಂತಿದೆ. ಇದನ್ನು ಹರಡುವುದು ಕಾಡಿನ ಉಣುಗು. ತೋಟಕ್ಕೆ ದರಕು ಗುಡಿಸಿ ತರುವವರು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ದನ ಕಾಯುವವರು, ಅಂದರೆ ನಮ್ಮ ಮನೆಯ ಕೆಲಸಕ್ಕೆ ಬರುವವರೂ ನಾವೂ ಇದರ ದಾರಿಯಲ್ಲೇ ಇರುವವರು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದೇ ಸೀಮೆಯ ಹಲವರು ತೀರಿಕೊಂಡದ್ದು ನೆನಪಿರಬಹುದು. 2024ರ ಬೇಸಿಗೆಯಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅದು ಬಹಳ ಜನರಿಗೆ ತಗಲಿತು, ಸಾವುಗಳೂ ಆದವು.

ಈ ರೋಗಕ್ಕೆ ವೈರಾಣುವನ್ನೇ ಕೊಲ್ಲುವ ಔಷಧಿ ಇಂದಿಗೂ ಇಲ್ಲ. ಇರುವ ಚಿಕಿತ್ಸೆಯೆಂದರೆ ಜ್ವರ ಇಳಿಸುವುದು, ದೇಹದ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು, ರಕ್ತದೊತ್ತಡ ಕುಸಿಯುತ್ತಿದೆಯೇ ಎಂದು ಗಮನಿಸುವುದು, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಕಾಣಿಸಿದರೆ ಕೂಡಲೇ ತಿಳಿಸುವುದು, ಕೆಲವರಲ್ಲಿ ಜ್ವರ ಬಿಟ್ಟು ಮತ್ತೆ ಬಂದು ನೆತ್ತಿಗೇರುವ ಎರಡನೆಯ ಹಂತವನ್ನು ಕಾಯುತ್ತ ಕೂರುವುದು. ಓದಿ ನೋಡಿ, ಇದರಲ್ಲಿ ಬಹುಪಾಲು ದಾದಿಯ ಕೆಲಸ. ಔಷಧಿಯಿಲ್ಲದ ರೋಗದಲ್ಲಿ ಶುಶ್ರೂಷೆಯೇ ಔಷಧಿ. ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಹೋಗುತ್ತಾರೆ. ನಡುವಿನ ಹೊತ್ತೆಲ್ಲ ರೋಗಿ ಬದುಕುವುದು ಅವಳ ಕಣ್ಣಳತೆಯಲ್ಲಿ.

ಅದೇ ರೋಗದಲ್ಲಿ ಬೈಗುಳ ತಿಂದವರೂ ಇವರೇ. ಹಿಂದೆ ಕೊಡುತ್ತಿದ್ದ ಲಸಿಕೆ ಬಹಳ ನೋವಿನದು. ಒಂದು ಸಲ ಹಾಕಿಸಿಕೊಂಡರೆ ಸಾಲದು, ತಿಂಗಳ ಮೇಲೆ ಮತ್ತೊಂದು, ಆಮೇಲೆ ಪುನಃ ಪುನಃ. ಬೆಟ್ಟ ಹತ್ತಿಳಿದು ಮನೆಯ ಬಾಗಿಲಿಗೆ ಬಂದ ಆರೋಗ್ಯ ಸಹಾಯಕಿಯನ್ನು ಕಂಡು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಜಾರಿಕೊಂಡವರ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ. ಅದರ ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆ ನಿಂತುಹೋಯಿತು. ಆಗ, "ಇಷ್ಟು ದಿನ ಸುಳ್ಳು ಸೂಜಿ ಚುಚ್ಚಿದಿರಾ" ಎಂದು ಕೇಳಿಸಿಕೊಂಡವಳೂ ಅದೇ ಸಹಾಯಕಿ! ಲಸಿಕೆ ತಯಾರಿಸಿದವಳು ಅವಳಲ್ಲ, ನಿಲ್ಲಿಸಿದವಳೂ ಅವಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ನಾಳೆ ಅದು ಬಂದಾಗ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರಬೇಕಾದವಳೂ ಅವಳೇ. ಅಲ್ಲಿಯವರೆಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಬಾಟಲಿಯನ್ನು ಮನೆ ಮನೆಗೆ ಹಂಚಿ, ಹಚ್ಚಿಕೊಂಡಿರಾ ಎಂದು ಮತ್ತೆ ಕೇಳಲು ಬರುವವರು ಅವಳು ಮತ್ತು ಆಶಾ ಕಾರ್ಯಕರ್ತೆ.

ಇನ್ನು ದೂರದ ಮಾತು. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಜಿಲ್ಲೆ, ಅದರ ಬಹುಭಾಗ ಕಾಡು. ಸಿದ್ದಾಪುರದಿಂದ ಶಿರಸಿಗೆ ಸುಮಾರು 35 ಕಿಲೋಮೀಟರು, ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100, ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70. "ಹುಬ್ಬಳ್ಳಿಗೆ ಒಯ್ಯಿರಿ", "ಮಣಿಪಾಲಕ್ಕೆ ಒಯ್ಯಿರಿ" ಎಂಬ ಎರಡು ವಾಕ್ಯಗಳನ್ನು ಕೇಳದ ಕುಟುಂಬ ನಮ್ಮಲ್ಲಿ ಇಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನ ಅರಬೈಲು ಘಟ್ಟದ ಬಳಿ ಉರುಳಿ 10 ಮಂದಿ ಸತ್ತರು. ಗಾಯಗೊಂಡವರನ್ನು ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಹೀಗೆ ಏಕಕಾಲಕ್ಕೆ ಹತ್ತಾರು ಮಂದಿ ರಕ್ತಸಿಕ್ತರಾಗಿ ಬಂದಿಳಿದರೆ ತಾಲ್ಲೂಕು ಆಸ್ಪತ್ರೆಯ ಆ ರಾತ್ರಿಯ ಪಾಳಿಯ ದಾದಿಯರ ಕೈಕಾಲು ಏನಾದೀತೆಂದು ಊಹಿಸಿಕೊಳ್ಳಿ. 2021ರ ಜುಲೈ ಮಳೆಯಲ್ಲಿ ಕಳಚೆಯ ಗುಡ್ಡ ಕುಸಿದು, ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋದಾಗ ಊರುಗಳೇ ದ್ವೀಪಗಳಾದವು. ಗರ್ಭಿಣಿಯರ ಪಟ್ಟಿ ಹಿಡಿದುಕೊಂಡು, ಯಾರಿಗೆ ದಿನ ತುಂಬಿದೆ, ಯಾರನ್ನು ಮೊದಲೇ ಪೇಟೆಗೆ ಕಳುಹಿಸಬೇಕು ಎಂದು ಲೆಕ್ಕ ಹಾಕುವ ಕೆಲಸ ಅಂತಹ ಹೊತ್ತಿನಲ್ಲಿ ಯಾರದೆಂದು ಬೇರೆ ಹೇಳಬೇಕೇ?

ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ನಮ್ಮ ಯುವಕರು ದೊಡ್ಡ ಅಭಿಯಾನ ನಡೆಸಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಕಟ್ಟೆಗೆ ಅಪ್ಪಳಿಸಿ ನಾಲ್ವರು ಸತ್ತಾಗ ಆ ಕೂಗು ಮತ್ತಷ್ಟು ಜೋರಾಯಿತು. ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿದ್ದೇ ಅದರಲ್ಲಿ ಭಾಗವಹಿಸಿದ್ದೀರಿ, ನನಗೆ ಅಭಿಮಾನವಿದೆ. ಆದರೆ ಒಂದು ಅಂಶ ಗಮನಿಸಿದ್ದೀರಾ? ಆಗಲೂ ಆಮೇಲೂ ಚರ್ಚೆಯೆಲ್ಲ ಕಟ್ಟಡ, ಹಾಸಿಗೆ, ಯಂತ್ರ ಮತ್ತು ತಜ್ಞ ವೈದ್ಯರ ಸುತ್ತ ನಡೆಯಿತು. ಆ ಹಾಸಿಗೆಗಳ ಪಕ್ಕದಲ್ಲಿ ರಾತ್ರಿ ಎರಡು ಗಂಟೆಗೆ ನಿಲ್ಲುವವರು ಎಷ್ಟು ಮಂದಿ ಬೇಕು, ಅವರು ಎಲ್ಲಿಂದ ಬರಬೇಕು, ಬಂದರೆ ಎಲ್ಲಿ ವಾಸಿಸಬೇಕು ಎಂದು ಯಾರೂ ಕೇಳಿದ್ದನ್ನು ನಾನು ಓದಲಿಲ್ಲ.

'ಎಲ್ಲಿ ವಾಸಿಸಬೇಕು' ಎಂಬಲ್ಲಿಗೆ ಬಂದೆನಲ್ಲ, ಇನ್ನು ಮುಂದಿನದು ನಮ್ಮ ಬಂಧುವರ್ಗಕ್ಕೆ ತುಸು ಕಹಿಯಾಗಬಹುದು. ಆದರೂ ಬರೆಯುತ್ತೇನೆ.

ನನ್ನ ಒಬ್ಬ ವಿದ್ಯಾರ್ಥಿನಿ ನಮ್ಮ ಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಾಧಿಕಾರಿ. ಹೆಸರು, ಊರು ಬೇಡ, ಸರ್ಕಾರಿ ನೌಕರಿಯ ಮಾತು. ಒಂದು ಮಳೆಗಾಲದ ಸಂಜೆ ಶಿರಸಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಬಸ್ಸು ತಡವಾದದ್ದರಿಂದ ಒಂದು ತಾಸು ಮಾತಾಡಿದೆವು. ಪ್ರತಿದಿನ ಪೇಟೆಯಿಂದ ಓಡಾಡುತ್ತಾಳಂತೆ, ಹೋಗಿ ಬರಲು ನಾಲ್ಕು ತಾಸು. ರಾತ್ರಿ ಪಾಳಿಯಿದ್ದರೆ ಕೊನೆಯ ಬಸ್ಸಿಗೆ ಹೋಗಿ, ಆಸ್ಪತ್ರೆಯಲ್ಲೇ ಕಾದು ಕುಳಿತಿರುವುದು.

"ಅಲ್ಲಿಯೇ ಉಳಿಯಬಾರದೇನಮ್ಮಾ, ವಸತಿಗೃಹ ಇಲ್ಲವೇ?" ಎಂದು ಕೇಳಿದೆ.

"ಇದೆ ಸರ್. ಮಾಡು ಕುಸಿದು ಎರಡು ಮಳೆಗಾಲ ಆಯಿತು. ಬರೆದು ಕಳಿಸಿದ್ದೇವೆ."

"ಹಾಗಾದರೆ ಊರಿನಲ್ಲಿ ಯಾರ ಮನೆಯಲ್ಲಾದರೂ ಒಂದು ಕೋಣೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದೆ ಸರ್. ಮೂರು ಮನೆ ಖಾಲಿಯೇ ಇವೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಒಬ್ಬರು ಮೊದಲು ಜಾತಿ ಕೇಳಿದರು. ಇನ್ನೊಬ್ಬರು ಕೇಳಲಿಲ್ಲ, ಹೆಸರು ಕೇಳಿಯೇ ತಿಳಿದುಕೊಂಡರು. ಮೂರನೆಯವರು, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವ ಕೆಲಸದವರಿಗೆ ಕೊಡುವುದಿಲ್ಲ ಎಂದರು" ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವಂತೆ ಹೇಳಿದಳು. ಅದೇ ನನಗೆ ಹೆಚ್ಚು ಚುಚ್ಚಿತು. ಅದೇ ಊರಿನವರು ಮಧ್ಯರಾತ್ರಿ ಸೊಸೆಗೆ ನೋವು ಬಂದಾಗ, "ನರ್ಸಬಾಯಿ ಊರಿನಲ್ಲಿ ಇರುವುದಿಲ್ಲ, ಸಂಬಳ ಮಾತ್ರ ಬೇಕು" ಎಂದು ಕೂಗಾಡುತ್ತಾರೆ! ಅವಳು ಮುಟ್ಟಿದ ಕೈಯಿಂದ ನಮ್ಮ ಮೊಮ್ಮಗು ಭೂಮಿಗೆ ಬರಬಹುದು, ಅವಳು ನಮ್ಮ ಅಟ್ಟದ ಕೋಣೆಯಲ್ಲಿ ಮಲಗಬಾರದು ಎಂಬ ಈ ವಿವೇಕ ಯಾವ ಶಾಸ್ತ್ರದ್ದೋ ನನಗೆ ತಿಳಿಯದು. ನಮ್ಮ ಕೇರಿಗಳಲ್ಲಿ ಇಂದು ಖಾಲಿ ಮನೆಗಳಿಗೆ ಬರವಿಲ್ಲ. ಜಗುಲಿಯಲ್ಲಿ ಗೆದ್ದಲು ಏಳುತ್ತಿದೆ, ಅಡಿಕೆ ಅಟ್ಟದಲ್ಲಿ ಇಲಿ ಓಡಾಡುತ್ತಿದೆ. ಮನೆ ನೋಡಿಕೊಳ್ಳಲು ಜನ ಸಿಗುವುದಿಲ್ಲವೆಂದು ನೀವೇ ನನಗೆ ದೂರವಾಣಿಯಲ್ಲಿ ಹೇಳಿಕೊಳ್ಳುತ್ತೀರಿ. ಸರ್ಕಾರದ ವಸತಿಗೃಹದ ಮಾಡನ್ನು ದುರಸ್ತಿ ಮಾಡಿಸಲು ಕಡತ ಬೇಕು, ಅನುಮೋದನೆ ಬೇಕು. ನಿಮ್ಮ ಮನೆಯ ಬೀಗ ತೆಗೆಯಲು ಏನು ಬೇಕು?

ಅಂದು ಅವಳು ಹೇಳಿದ ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟು ಇರುವುದಿಲ್ಲ. ಲಸಿಕೆಯ ಶೀತಪೆಟ್ಟಿಗೆಯ ಉಷ್ಣಾಂಶ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಲಸಿಕೆಯನ್ನು ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಬೇರೆ ಕೇಂದ್ರಕ್ಕೆ ಸಾಗಿಸಬೇಕು. ಸಕ್ಕರೆ ಪರೀಕ್ಷೆಯ ಪಟ್ಟಿ ತಿಂಗಳ ಕೊನೆಗೆ ಮುಗಿದರೆ ತನ್ನ ಕೈಯಿಂದಲೇ ತರುತ್ತಾಳಂತೆ, ಏಕೆಂದರೆ "ಇಲ್ಲ" ಎಂಬ ಶಬ್ದವನ್ನು ರೋಗಿಯ ಮುಂದೆ ನಿಂತು ಹೇಳಬೇಕಾದವಳು ಅವಳು, ಪೂರೈಕೆ ಮಾಡುವ ಕಚೇರಿಯಲ್ಲ. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕಾದ ಊರಿನಲ್ಲಿ ಕುಳಿತು, ಆ್ಯಪಿನೊಳಗೆ ದಿನದ ಅಂಕಿಅಂಶ ತುಂಬಬೇಕು. ಒಂದು ರಾತ್ರಿ ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಲ್ಲದೆ, 108ರಲ್ಲಿ ತಾನೂ ಹತ್ತಿ, ತಿರುವು ತಿರುವಿನ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಹೊಟ್ಟೆಯನ್ನು ನೀವುತ್ತ ಶಿರಸಿ ತಲುಪಿದಳಂತೆ. ತಾಯಿ ಬದುಕಿದಳು. ಮರುದಿನ ಹಿಂದಿರುಗಲು ಅವಳಿಗೆ ಬಸ್ಸು ಚಾರ್ಜು ಕೊಟ್ಟವರು ಯಾರೂ ಇಲ್ಲ. ಅದನ್ನು ಮಾತ್ರ ನಗುತ್ತ ಹೇಳಿದಳು.

"ನಿನಗೆ ಏನು ಬೇಕಮ್ಮಾ?" ಎಂದೆ. "ಸನ್ಮಾನ ಬೇಡ ಸರ್. ಒಂದು ಕೋಣೆ, ಒಂದು ಇನ್ವರ್ಟರು, ಇನ್ನೊಬ್ಬ ನರ್ಸು. ಅಷ್ಟಿದ್ದರೆ ನಾನು ವರ್ಗಾವಣೆಗೆ ಅರ್ಜಿಯನ್ನೇ ಹಾಕುವುದಿಲ್ಲ" ಎಂದಳು. ಅರ್ಜಿ ಹಾಕಿದರೆ ಆ ಕೇಂದ್ರಕ್ಕೆ ಬೇರೆಯವರು ಬರುತ್ತಾರೆಯೇ ಎಂಬ ಪ್ರಶ್ನೆಗೆ ಅವಳೂ ಉತ್ತರ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಕಾಯಂ ನೌಕರಿಯವಳ ಪಾಡು ಇದಾದರೆ ಗುತ್ತಿಗೆಯವರದು ಇನ್ನೂ ಒಂದು ಮೆಟ್ಟಿಲು ಕೆಳಗೆ. ಒಂದೇ ವಾರ್ಡು, ಒಂದೇ ಪಾಳಿ, ಒಂದೇ ಸೂಜಿ, ಆದರೆ ಸಂಬಳ ಬೇರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಹೋಗಿ ಮುಷ್ಕರ ಹೂಡಿದ್ದು ಇದಕ್ಕಾಗಿಯೇ. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಸ್ವಾತಂತ್ರ್ಯ ಉದ್ಯಾನದಲ್ಲಿ ನಾಲ್ಕು ದಿನ ಅಹೋರಾತ್ರಿ ಕುಳಿತ ಮೇಲೆ ತಿಂಗಳಿಗೆ 10,000 ರೂಪಾಯಿ ಖಾತರಿಯ ಮಾತು ಸರ್ಕಾರದ ಬಾಯಿಂದ ಹೊರಟಿತು. ಖಾಸಗಿಯವರ ಸಂಗತಿಯೂ ಇದೆ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ದಾದಿಯರ ವೇತನದ ಬಗೆಗೆ ಸಮಿತಿ ರಚಿಸುವಂತೆ ಸೂಚಿಸಿತು. 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ಇಷ್ಟು ವರ್ಷಗಳ ಮೇಲೆ, ಪೇಟೆಯ ಸಣ್ಣ ಆಸ್ಪತ್ರೆಗಳಲ್ಲಿ ದುಡಿಯುವ ನಿಮ್ಮ ಪರಿಚಯದ ಹುಡುಗಿಯೊಬ್ಬಳನ್ನು ಕೈಗೆ ಬರುವುದೆಷ್ಟೆಂದು ಕೇಳಿ ನೋಡಿ. ಆಮೇಲೆ, "ಕಲಿತವರೆಲ್ಲ ಗಲ್ಫಿಗೆ ಹೋಗುತ್ತಾರೆ, ಐರ್ಲೆಂಡಿಗೆ ಹೋಗುತ್ತಾರೆ" ಎಂದು ಗೊಣಗುವ ಮೊದಲು ಒಂದು ಕ್ಷಣ ತಡೆಯಿರಿ. ನಮ್ಮ ಗಂಡುಮಕ್ಕಳು ಸಾಫ್ಟ್‌ವೇರಿಗಾಗಿ ಅಮೆರಿಕಕ್ಕೆ ಹೋದರೆ ಅದು ಸಾಧನೆ, ನರ್ಸು ಹೋದರೆ ಅದು ಸೇವಾಭಾವದ ಕೊರತೆ. ಇದು ಯಾವ ತಕ್ಕಡಿ?

ನೈಟಿಂಗೇಲ್ ಅವರ ಭಾವಚಿತ್ರಕ್ಕೆ ಹಾರ ಹಾಕುವವರು ಅವರ ಕೆಲಸವನ್ನು ಓದಿದ್ದರೆ ಚೆನ್ನಾಗಿತ್ತು. 1854ರ ಕೊನೆಗೆ ಅವರು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ ಅಲ್ಲಿ ಕರುಣೆಗಿಂತ ಹೆಚ್ಚು ಕೊರತೆಯಿದ್ದದ್ದು ಹಾಸುಬಟ್ಟೆಗೆ, ಸಾಬೂನಿಗೆ, ಶುದ್ಧ ನೀರಿಗೆ. ಅವರು ಹೋದ ಮೇಲೂ ಆ ಚಳಿಗಾಲದಲ್ಲಿ ಸೈನಿಕರು ಸಾಯುತ್ತಲೇ ಇದ್ದರು. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿಯನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಇಳಿಯಿತು. ದೀಪ ಹಿಡಿದು ಓಡಾಡಿದ್ದು ನಿಜ, ಆದರೆ ಮುಂದಿನ ಜೀವಮಾನವನ್ನೆಲ್ಲ ಅವರು ಕಳೆದದ್ದು ಸಾವಿನ ಅಂಕಿಅಂಶಗಳನ್ನು ಕಲೆಹಾಕಿ, ನಕ್ಷೆ ಬರೆದು, ಅಧಿಕಾರದಲ್ಲಿದ್ದವರ ಬೆನ್ನು ಹತ್ತುವುದರಲ್ಲಿ. ಕೊರತೆಯ ನಡುವೆ ಸಹಿಸಿಕೊಂಡು ಇರಿ ಎಂದು ಅವರು ದಾದಿಯರಿಗೆ ಉಪದೇಶಿಸಲಿಲ್ಲ. ಕೊರತೆಯನ್ನು ಎಣಿಸಿ ಬರೆದು, ಮೇಲಿನವರ ಮೇಜಿನ ಮೇಲೆ ಇಟ್ಟರು.

ಆದುದರಿಂದ ದಾದಿಯರಾಗಿರುವ ನನ್ನ ವಿದ್ಯಾರ್ಥಿನಿಯರಿಗೆ, ವಿದ್ಯಾರ್ಥಿಗಳಿಗೂ (ಈಗ ಹುಡುಗರೂ ಈ ವೃತ್ತಿಯಲ್ಲಿದ್ದೀರಿ, ಸಂತೋಷ), ನನ್ನ ಸಲಹೆಯೂ ಅದೇ. ನಿಮ್ಮ ಕಿಸೆಯಿಂದ ಪರೀಕ್ಷೆಯ ಪಟ್ಟಿ ತರುವುದು ದೊಡ್ಡ ಮನಸ್ಸು, ಆದರೆ ಅದರಿಂದ ಕೊರತೆ ಕಾಗದದ ಮೇಲೆ ಕಾಣದಂತಾಗುತ್ತದೆ. ಮುಗಿದ ದಿನ, ಬೇಡಿಕೆ ಕಳುಹಿಸಿದ ದಿನ, ಬಂದ ದಿನ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳದೆ ಲಿಖಿತವಾಗಿ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿ. ಹತ್ತನೆಯ ತರಗತಿಯಲ್ಲಿ ಅರ್ಜಿ ಬರೆಯುವುದನ್ನು ಕಲಿಸುವಾಗ, "ಇದೆಲ್ಲ ಯಾಕೆ ಸರ್" ಎಂದು ಕೇಳುತ್ತಿದ್ದವರು ನೀವೇ.

ಈಗ ಆಕ್ಷೇಪಗಳು. ಈ ಮಾತುಗಳನ್ನು ಒಂದು ಮದುವೆಮನೆಯಲ್ಲಿ ಆಡಿದಾಗ ನಮ್ಮ ಹಿರಿಯ ಬಂಧುವೊಬ್ಬರು, "ಎಲ್ಲ ನರ್ಸುಗಳೂ ಹಾಗಿಲ್ಲ ಮಾರಾಯ, ಕೆಲವರ ಬಾಯಿ ಎಂಥದು ಗೊತ್ತುಂಟಾ? ರೋಗಿಯನ್ನು ಹಚಾ ಎನ್ನುತ್ತಾರೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಒರಟು ಮಾತಿನ ದಾದಿಯರಿದ್ದಾರೆ, ಬಡವರ ಮೇಲೆ ಆ ಒರಟುತನ ಹೆಚ್ಚಾಗಿ ಬೀಳುತ್ತದೆ ಎಂಬುದೂ ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಐದಾರು ಮಂದಿಗೆ ಒಬ್ಬಳಿರಬೇಕಾದ ವಾರ್ಡಿನಲ್ಲಿ ಮೂವತ್ತು ಮಂದಿಗೆ ಒಬ್ಬಳಾದರೆ ಎಂಥ ಮೃದುಭಾಷಿಣಿಯ ದನಿಯೂ ಸಂಜೆಯ ಹೊತ್ತಿಗೆ ಗಡುಸಾಗುತ್ತದೆ. 90 ಮಕ್ಕಳ ತರಗತಿಯಲ್ಲಿ ನನ್ನ ದನಿ ಹೇಗಿರುತ್ತಿತ್ತೆಂದು ನಿಮಗೆ ನೆನಪಿರಬೇಕು. ಇನ್ನೊಂದು ಆಕ್ಷೇಪ, ಇದೆಲ್ಲ ಸರ್ಕಾರದ ಕೆಲಸ, ನಾವೇನು ಮಾಡಲಾದೀತು ಎಂಬುದು. ನೇಮಕಾತಿ ಸರ್ಕಾರದ್ದೇ, ಸಂಬಳವೂ ಸರ್ಕಾರದ್ದೇ, ಅದನ್ನು ಒತ್ತಾಯಿಸಿ ಕೇಳಬೇಕು. ಆದರೆ ದ್ರವ್ಯದಲ್ಲಿ ನಮ್ಮ ಪಾಲಿನದೂ ಸ್ವಲ್ಪ ಇದೆ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ, ಹಳ್ಳಿಯ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದಿದೆ. ಸಣ್ಣಪುಟ್ಟ ದುರಸ್ತಿಗೆ, ಸಾಮಗ್ರಿಗೆ ಬಳಸಬಹುದಾದ ಒಂದಿಷ್ಟು ಮುಕ್ತ ನಿಧಿ ಅವುಗಳ ಕೈಯಲ್ಲಿರುತ್ತದೆ. ಸಭೆ ಸೇರದೆ, ಸಹಿ ಬೀಳದೆ ಆ ಹಣ ಹಾಗೆಯೇ ಉಳಿದು ಹಿಂದಕ್ಕೆ ಹೋದ ಉದಾಹರಣೆಗಳುಂಟು. ಪಂಚಾಯಿತಿ ಸದಸ್ಯರಾಗಿರುವ ನನ್ನ ಶಿಷ್ಯರು ಕಡಿಮೆಯಿಲ್ಲ. ನಿಮ್ಮ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತು, ಖಾತೆಯಲ್ಲಿ ಎಷ್ಟಿದೆ ಎಂದು ನೀವು ಕೇಳಿದರೆ ಸಾಕು, ಇನ್ವರ್ಟರಿನ ಬ್ಯಾಟರಿಯೋ ಎರಡು ಸಾಲು ಹೆಂಚೋ ಹುಟ್ಟಿಕೊಳ್ಳುತ್ತದೆ. ಇನ್ನು ಆಸ್ಪತ್ರೆಯಲ್ಲಿ ಕೈ ಎತ್ತುವವರ ವಿಷಯ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯಿದೆಯಿದೆ, ಸೆರೆವಾಸದ ಶಿಕ್ಷೆಯಿದೆ, ದಾದಿಯರೂ ಅದರೊಳಗೆ ಬರುತ್ತಾರೆ. ಆದರೆ ಪೊಲೀಸರು ಬರುವ ಮೊದಲು ಅಲ್ಲಿ ನಿಂತಿರುವವರು ನೀವು. ರೋಗಿಯ ಜೊತೆಗೆ ಹೋದ ಹತ್ತು ಮಂದಿಯಲ್ಲಿ ಒಬ್ಬನಾದರೂ, "ಅವಳ ಮೇಲೆ ಕೂಗಬೇಡ, ಆಮ್ಲಜನಕದ ಸಿಲಿಂಡರನ್ನು ಅವಳು ಬಚ್ಚಿಟ್ಟಿಲ್ಲ" ಎಂದು ಹೇಳಬೇಕು. ಹೇಳುವವನು ನಮ್ಮ ಶಾಲೆಯಲ್ಲಿ ಕಲಿತವನಾಗಿದ್ದರೆ ನನಗೆ ಸಂತೋಷ.

ಕೋಣೆಯ ವಿಷಯವನ್ನು ಮಾತ್ರ ಸಮಿತಿಗೆ ಬಿಡಲಾಗದು. ಊರಿನಲ್ಲಿ ಬೀಗ ಹಾಕಿದ ಮನೆ ಇರುವವರು, ಹೊರಜಗುಲಿಗೆ ಹೊಂದಿದ ಕೋಣೆಯೊಂದನ್ನು ಬಾಡಿಗೆಗೆ ಕೊಡಬಲ್ಲವರು, ನನಗೆ ದೂರವಾಣಿ ಮಾಡಿ. ನ್ಯಾಯವಾದ ಬಾಡಿಗೆ ತೆಗೆದುಕೊಳ್ಳಿ, ಧರ್ಮಕ್ಕೆ ಬೇಡ. ಬಾವಿಯ ನೀರು, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಬಾಗಿಲು, ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಉರಿಯುವ ಒಂದು ಅಂಗಳದ ದೀಪ ಇರಲಿ. ಜಾತಿ ಕೇಳುವವರು ದಯವಿಟ್ಟು ದೂರವಾಣಿ ಮಾಡಬೇಡಿ. ಡಿಸೆಂಬರಿಗೆ ಉಣುಗಿನ ಕಾಲ ಮತ್ತೆ ಮೊದಲಾಗುತ್ತದೆ, ಅಷ್ಟರೊಳಗೆ ಎರಡು ಕೇಂದ್ರಗಳ ದಾದಿಯರಿಗಾದರೂ ಊರಿನಲ್ಲೇ ಮನೆಯಾಗಬೇಕೆಂಬುದು ನನ್ನ ಲೆಕ್ಕ. ವಸತಿಗೃಹದ ಮಾಡಿನ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತುವವರು ದಿನಾಂಕ ಗೊತ್ತಾದ ಕೂಡಲೇ ತಿಳಿಸಿ. ಆ ಕಡೆಗೆ ಬೆಳಗಿನ ಬಸ್ಸು ಇದ್ದರೆ ನಾನೂ ಬರುತ್ತೇನೆ.